ಜಠರದ ಉರಿ: ಆಮ್ಲವನ್ನು ನರಗಳು ಅರಿಯುವ ಬಗೆ ತಿಳಿದುಬಂದ ಕತೆ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು - ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಊಟಕ್ಕೆ ಕುಳಿತರೆ ರೊಟ್ಟಿಯ ಬದಿಗೆ ಕೆಂಪು ಚಟ್ನಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೆಣಸಿನಕಾಯಿಗೆ ಹೆಸರಾದ ಬ್ಯಾಡಗಿಯೂ ಇದೇ ಜಿಲ್ಲೆಯದು. ಹಾನಗಲ್ಲಿಗೂ ಹಿರೇಕೆರೂರಿಗೂ ಅದು ನೆರೆಯ ತಾಲ್ಲೂಕು. ಊಟದ ನಂತರ ಒಬ್ಬರಿಗೆ ಖಾರ ಹತ್ತಿ ನಾಲಗೆ ಉರಿಯುತ್ತದೆ. ಇನ್ನೊಬ್ಬರಿಗೆ ಹುಳಿತೇಗು ಬಂದು ಎದೆ ಉರಿಯುತ್ತದೆ. ರೊಟ್ಟಿ ಬೇಯಿಸುವಾಗ ಬಿಸಿ ಹಂಚು ತಗುಲಿದವರಿಗೆ ಕೈ ಉರಿಯುತ್ತದೆ. ಖಾರ, ಆಮ್ಲ, ಶಾಖ - ಕಾರಣಗಳು ಮೂರು. ಕನ್ನಡದಲ್ಲಿ ಪದ ಮಾತ್ರ ಒಂದೇ: ಉರಿ.

ಇದು ಬರಿಯ ಮಾತಿನ ರೂಢಿಯೆ? ಅಥವಾ ದೇಹದೊಳಗೂ ಈ ಮೂರಕ್ಕೆ ನಂಟಿದೆಯೆ? ಇದೆ ಎಂಬುದು ಅಣುಮಟ್ಟದಲ್ಲಿ ಖಚಿತವಾದದ್ದು 1997-98ರಲ್ಲಿ. ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆ ರೂಪುಗೊಂಡದ್ದೂ 1997ರಲ್ಲಿಯೇ. ಆದರೆ ಈ ಉತ್ತರದ ಹಿಂದೆ ಸುಮಾರು 175 ವರ್ಷಗಳ ಹುಡುಕಾಟವಿದೆ. ಜಠರದ ಗೋಡೆಯಲ್ಲಿರುವ ನರತುದಿಗಳಿಗೆ ಆಮ್ಲ ಇದೆಯೆಂಬುದು ಹೇಗೆ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಅವು ಏನು ಮಾಡುತ್ತವೆ ಎಂಬುದೇ ಆ ಹುಡುಕಾಟದ ವಸ್ತು. ಉರಿ ಇದ್ದರೆ ಗಾಯವಿದೆ, ಉರಿ ಇಲ್ಲದಿದ್ದರೆ ಗಾಯವಿಲ್ಲ ಎಂದು ನಾವು ಸುಲಭವಾಗಿ ನಂಬುತ್ತೇವೆ. ಈ ನಂಬಿಕೆ ಎಷ್ಟು ತಪ್ಪು, ಅದರಿಂದ ಆಗುವ ಅಪಾಯವೇನು ಎಂಬುದನ್ನೂ ಈ ಇತಿಹಾಸ ಹೇಳುತ್ತದೆ.

ಆಮ್ಲ ಯಾವುದು, ಎಷ್ಟು?

ಜಠರದಲ್ಲಿ ಹುಳಿಯಾದ ರಸವಿದೆ ಎಂಬುದು ಹಳೆಯ ಕಾಲದಿಂದ ಗೊತ್ತಿದ್ದ ಸಂಗತಿ. ಅದು ಯಾವ ಆಮ್ಲ ಎಂಬುದನ್ನು ತೋರಿಸಿದವರು ಲಂಡನ್ನಿನ ವೈದ್ಯ ವಿಲಿಯಂ ಪ್ರೌಟ್. 1823ರ ಡಿಸೆಂಬರಿನಲ್ಲಿ ರಾಯಲ್ ಸೊಸೈಟಿಯ ಮುಂದೆ ಓದಿದ ಪ್ರಬಂಧದಲ್ಲಿ ಅವರು ಮೊಲ, ಕುದುರೆ, ಕರು, ನಾಯಿ ಮುಂತಾದ ಪ್ರಾಣಿಗಳ ಜಠರರಸವನ್ನು ವಿಶ್ಲೇಷಿಸಿ, ಅದರಲ್ಲಿರುವುದು ಹೈಡ್ರೊಕ್ಲೋರಿಕ್ ಆಮ್ಲವೇ ಎಂದು ತಿಳಿಸಿದರು. ಲೋಹವನ್ನು ಕರಗಿಸುವ ಖನಿಜಾಮ್ಲವೊಂದು ಜೀವಿಯ ಒಡಲಲ್ಲಿ ಹುಟ್ಟುತ್ತದೆ ಎಂಬುದನ್ನು ಒಪ್ಪಲು ಅಂದಿನ ಹಲವರು ಹಿಂಜರಿದರು.

ಈ ಆಮ್ಲ ಎಷ್ಟು ತೀಕ್ಷ್ಣ? ನಿಮ್ಮ ವಿದ್ಯಾರ್ಥಿಗಳಿಂದ ಒಂದು ಲೆಕ್ಕ ಮಾಡಿಸಿ. ರಕ್ತದ ಪಿಎಚ್ ಸುಮಾರು 7.4. ಊಟವಿಲ್ಲದ ಹೊತ್ತಿನಲ್ಲಿ ಜಠರರಸದ ಪಿಎಚ್ 1.5ರ ಆಸುಪಾಸು ಇರುತ್ತದೆ. ಪಿಎಚ್ ಲಾಗರಿತಮ್ ಮಾನ. ಆದ್ದರಿಂದ ಇವೆರಡರ ನಡುವಿನ ವ್ಯತ್ಯಾಸ 5.9 ಎಂದರೆ, ಹೈಡ್ರೊಜನ್ ಅಯಾನುಗಳ, ಅಂದರೆ ಪ್ರೋಟಾನುಗಳ, ಸಾಂದ್ರತೆಯಲ್ಲಿ 10ರ ಘಾತ 5.9ರಷ್ಟು ವ್ಯತ್ಯಾಸ, ಹತ್ತಿರ ಹತ್ತಿರ ಎಂಟು ಲಕ್ಷ ಪಟ್ಟು. ಮಿಲಿಮೀಟರಿನಷ್ಟೂ ದಪ್ಪವಿಲ್ಲದ ಲೋಳೆಯ ಪದರ ಮತ್ತು ಒಂದು ಸಾಲು ಜೀವಕೋಶಗಳು ಈ ಎರಡು ಲೋಕಗಳನ್ನು ಬೇರೆಯಾಗಿ ಇಡುತ್ತವೆ. ಲೋಳೆಯೊಳಕ್ಕೆ ಕೋಶಗಳು ಬೈಕಾರ್ಬನೇಟನ್ನು ಸ್ರವಿಸುತ್ತವೆ. ಒಳಗಿಳಿಯುವ ಪ್ರೋಟಾನುಗಳನ್ನು ಅದು ದಾರಿಯಲ್ಲೇ ತಟಸ್ಥಗೊಳಿಸುತ್ತದೆ. ಹೀಗಾಗಿ ಜಠರದ ಮಧ್ಯದಲ್ಲಿ ಪಿಎಚ್ 1.5 ಇದ್ದರೂ ಗೋಡೆಯ ಮೈಗೆ ತಾಗಿದ ಸ್ಥಳದಲ್ಲಿ ಅದು 7ರ ಹತ್ತಿರ ಇರುತ್ತದೆ. ನರತುದಿಗಳು ಇರುವುದು ಈ ಗೋಡೆಯ ಆಚೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಗೊಂದಲಗಳೆಲ್ಲ ಇದನ್ನು ಮರೆತದ್ದರಿಂದ ಹುಟ್ಟಿದವು.

ನೋವಿಲ್ಲದ ಕೆಂಪು

1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆಲಸಗಾರನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಗಾಯ ಮಾಯಿತು, ಆದರೆ ಹೊಟ್ಟೆಯ ಹೊರಗಿನಿಂದ ಜಠರದೊಳಕ್ಕೆ ಒಂದು ರಂಧ್ರ ಹಾಗೆಯೇ ಉಳಿಯಿತು. ಆತನಿಗೆ ಚಿಕಿತ್ಸೆ ನೀಡಿದ ಸೇನಾವೈದ್ಯ ವಿಲಿಯಂ ಬೋಮಾಂಟ್ ಆ ರಂಧ್ರದ ಮೂಲಕ ವರ್ಷಗಟ್ಟಲೆ ಜಠರವನ್ನು ವೀಕ್ಷಿಸಿ 1833ರಲ್ಲಿ ಪುಸ್ತಕ ಪ್ರಕಟಿಸಿದರು. ಬಡ ಕೂಲಿಯವನೊಬ್ಬನನ್ನು ಹೀಗೆ ಪ್ರಯೋಗವಸ್ತುವಾಗಿ ಬಳಸಿದ್ದು ಸರಿಯೆ ಎಂಬ ಪ್ರಶ್ನೆ ಇಂದಿಗೂ ಇದೆ.

ಜೀರ್ಣಕ್ರಿಯೆ ರಾಸಾಯನಿಕ ಕ್ರಿಯೆ ಎಂದು ತೋರಿಸಿದ್ದಕ್ಕಾಗಿ ಬೋಮಾಂಟರ ಹೆಸರು ಪಠ್ಯಪುಸ್ತಕಗಳಲ್ಲಿ ಬರುತ್ತದೆ. ನಮ್ಮ ಕತೆಗೆ ಬೇಕಾದದ್ದು ಅವರ ಇನ್ನೊಂದು ವೀಕ್ಷಣೆ. ಸೇಂಟ್ ಮಾರ್ಟಿನ್ ಅತಿಯಾಗಿ ಕುಡಿದಿದ್ದ ದಿನಗಳಲ್ಲಿ ಜಠರದ ಒಳಪೊರೆ ಕೆಂಪಗೆ ಊದಿಕೊಂಡು, ಅಲ್ಲಲ್ಲಿ ಹುಣ್ಣಿನಂಥ ಕಲೆಗಳು ಕಾಣುತ್ತಿದ್ದವು. ಆದರೆ ಆತ ಹೇಳಿಕೊಳ್ಳುವಂಥ ನೋವು ಏನೂ ಇರಲಿಲ್ಲ. ಜಠರದಂಥ ಮುಖ್ಯ ಅಂಗ ಇಷ್ಟು ಕೆಟ್ಟರೂ ಹೊರಗೆ ಸುಳಿವು ಸಿಗುವುದಿಲ್ಲವಲ್ಲ ಎಂದು ಬೋಮಾಂಟ್ ಅಚ್ಚರಿಪಟ್ಟರು. ಗಾಯಕ್ಕೂ ನೋವಿಗೂ ನೇರ ಸಂಬಂಧವಿಲ್ಲ ಎಂಬುದಕ್ಕೆ ಇದು ಮೊದಲ ಸಾಕ್ಷ್ಯಗಳಲ್ಲಿ ಒಂದು.

ನರಗಳ ಬಲೆ

ಹಾಗಾದರೆ ಜಠರದ ಗೋಡೆಯಲ್ಲಿ ನರಗಳೇ ಇಲ್ಲವೆ? ಬೇಕಾದಷ್ಟಿವೆ. 1857ರಲ್ಲಿ ಜರ್ಮನಿಯ ಗಿಯೋರ್ಗ್ ಮೈಸ್ನರ್ ಜೀರ್ಣನಾಳದ ಲೋಳೆಪೊರೆಯ ಕೆಳಗೆ ನರಕೋಶಗಳ ಒಂದು ಬಲೆಯನ್ನು ವಿವರಿಸಿದರು. 1860ರ ದಶಕದಲ್ಲಿ ಲಿಯೋಪೋಲ್ಡ್ ಔವರ್‌ಬಾಖ್ ಸ್ನಾಯುಪದರಗಳ ನಡುವೆ ಇನ್ನೊಂದು ಬಲೆಯನ್ನು ಕಂಡರು. ಈ ಎರಡು ಬಲೆಗಳು ನಾಳದ ಚಲನೆ, ಸ್ರಾವಗಳನ್ನು ಬಹುಮಟ್ಟಿಗೆ ತಾವೇ ನಿಭಾಯಿಸುತ್ತವೆ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. ಆಮ್ಲದ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರಕೋಶಗಳ ಒಡಲು ಜಠರದ ಗೋಡೆಯಲ್ಲಿ ಇಲ್ಲ. ಕೆಲವುಗಳ ಒಡಲು ಕತ್ತಿನ ಮೇಲ್ಭಾಗದಲ್ಲಿ, ವೇಗಸ್ ನರದ ಗಂಟಿನಲ್ಲಿದೆ. ಉಳಿದವುಗಳದು ಬೆನ್ನುಹುರಿಯ ಪಕ್ಕದ ಗಂಟುಗಳಲ್ಲಿದೆ. ಅಲ್ಲಿಂದ ಹೊರಟ ಸಪೂರವಾದ ತಂತುಗಳು ಜಠರದ ಗೋಡೆಗೆ ಬಂದು, ಮೇಲ್ಮೈ ಕೋಶಗಳ ತಳದವರೆಗೆ ಕವಲೊಡೆಯುತ್ತವೆ. ಹೊಲದ ಒಂದು ಮೂಲೆಯಲ್ಲಿ ನಿಂತ ಆಲದ ಮರದ ಬೇರು ದೂರದ ಬಾವಿಯ ಗೋಡೆಯಲ್ಲಿ ಕಾಣಿಸಿಕೊಂಡ ಹಾಗೆ. ವೇಗಸ್ ನರದ ತಂತುಗಳಲ್ಲಿ ಹೆಚ್ಚಿನವು ಮಿದುಳಿನ ಆಜ್ಞೆಯನ್ನು ಕೆಳಗೆ ತರುವವಲ್ಲ. ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುವವು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನರಗಳ ಪಾತ್ರದ ಬಗ್ಗೆಯೇ ಅನುಮಾನ ಹುಟ್ಟಿತು. ಆಮ್ಲ ಸಣ್ಣ ಕರುಳಿಗೆ ಇಳಿದೊಡನೆ ಮೇದೋಜೀರಕ ಗ್ರಂಥಿ ರಸ ಸುರಿಸುತ್ತದೆ. ಇದು ನರಗಳ ಕೆಲಸ ಎಂಬುದು ರಷ್ಯದ ಪಾವ್ಲೋವ್ ಪಂಥದ ಮತ. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಿನ ಒಂದು ಭಾಗಕ್ಕೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಕ್ಕೆ ಆಮ್ಲ ಹಾಕಿದರು. ಆದರೂ ಗ್ರಂಥಿ ಸ್ರವಿಸಿತು. ಸಂದೇಶ ಒಯ್ದದ್ದು ರಕ್ತದ ಮೂಲಕ ಹೋದ ರಾಸಾಯನಿಕ ವಸ್ತು, ಸೆಕ್ರೆಟಿನ್. ಹಾರ್ಮೋನು ಎಂಬ ಕಲ್ಪನೆ ಬೆಳೆದದ್ದು ಇಲ್ಲಿಂದ. ಆಮ್ಲವನ್ನು ಅರಿಯಲು ನರ ಬೇಕೇ ಬೇಕೆಂದಿಲ್ಲ ಎಂಬುದಂತೂ ಸಿದ್ಧವಾಯಿತು.

ಆಮ್ಲ ನೋಯಿಸುತ್ತದೆಯೆ?

1911ರಲ್ಲಿ ಲಂಡನ್ನಿನ ವೈದ್ಯ ಆರ್ಥರ್ ಹರ್ಟ್ಸ್ (ಮುಂದೆ ಇವರು ಹರ್ಸ್ಟ್ ಎಂದು ಹೆಸರು ಬದಲಿಸಿಕೊಂಡರು) ಜೀರ್ಣನಾಳದ ಸಂವೇದನೆ ಕುರಿತು ಉಪನ್ಯಾಸಮಾಲೆ ನೀಡಿದರು. ಜಠರದೊಳಕ್ಕೆ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲ ಬಿಟ್ಟರೂ ಯಾರಿಗೂ ನೋವಾಗಲಿಲ್ಲ. ಆದ್ದರಿಂದ ಜಠರದ ನೋವಿಗೆ ಆಮ್ಲ ಕಾರಣವಲ್ಲ, ಗೋಡೆಯ ಸೆಳೆತವೇ ಕಾರಣ ಎಂಬುದು ಅವರ ತೀರ್ಮಾನ. ಆದರೆ 1920ರ ದಶಕದಲ್ಲಿ ಷಿಕಾಗೋದ ವಾಲ್ಟರ್ ಪಾಮರ್ ಹುಣ್ಣಿನ ನೋವು ಇದ್ದ ರೋಗಿಗಳಿಗೆ ಶೇ. 0.5 ಹೈಡ್ರೊಕ್ಲೋರಿಕ್ ಆಮ್ಲವನ್ನು ನಳಿಕೆಯ ಮೂಲಕ ಕೊಟ್ಟಾಗ, ಅವರಿಗೆ ತಮ್ಮ ಎಂದಿನ ನೋವೇ ಬಂದಿತು. ಆಮ್ಲವನ್ನು ಹೊರತೆಗೆದರೆ ಅಥವಾ ತಟಸ್ಥಗೊಳಿಸಿದರೆ ನೋವು ಇಳಿಯಿತು.

ಇಬ್ಬರು ಪ್ರಾಮಾಣಿಕ ಪ್ರಯೋಗಕಾರರು, ಒಂದೇ ಆಮ್ಲ, ವಿರುದ್ಧ ಉತ್ತರ. ಯಾರು ಸರಿ? 1943ರಲ್ಲಿ ನ್ಯೂಯಾರ್ಕಿನ ಸ್ಟೂವರ್ಟ್ ವುಲ್ಫ್ ಮತ್ತು ಹೆರಾಲ್ಡ್ ವುಲ್ಫ್ ಪ್ರಕಟಿಸಿದ ಪುಸ್ತಕ ಈ ಗಂಟನ್ನು ಸಡಿಲಿಸಿತು. ಅವರ ಬಳಿಯೂ ಸೇಂಟ್ ಮಾರ್ಟಿನ್‌ನಂತೆ ಹೊಟ್ಟೆಯಲ್ಲಿ ರಂಧ್ರವಿದ್ದ ವ್ಯಕ್ತಿಯೊಬ್ಬನಿದ್ದ. ಆತನ ಜಠರದ ಒಳಪೊರೆ ಆರೋಗ್ಯವಾಗಿದ್ದಾಗ ಚಿವುಟಿದರೂ ನೋವಿಲ್ಲ. ಅದೇ ಪೊರೆ ಕೆಂಪಾಗಿ ಊದಿಕೊಂಡಿದ್ದಾಗ ಅಷ್ಟೇ ಪ್ರಚೋದನೆ ನೋವು ತಂದಿತು. ಅಂದರೆ ನೋವನ್ನು ನಿರ್ಧರಿಸುವುದು ಆಮ್ಲದ ಪ್ರಮಾಣವೊಂದೇ ಅಲ್ಲ. ಆಮ್ಲ ಒಳಗಿಳಿಯುತ್ತಿದೆಯೆ, ನರತುದಿ ಆಗ ಎಷ್ಟು ಸೂಕ್ಷ್ಮವಾಗಿದೆ ಎಂಬುದೂ ಮುಖ್ಯ. ಹೊಸ್ತಿಲು ಸ್ಥಿರವಲ್ಲ, ಅದು ಏರಿಳಿಯುತ್ತದೆ.

ತಂತುವಿಗೆ ಕಿವಿಗೊಟ್ಟವರು

ರೋಗಿ ಏನು ಹೇಳುತ್ತಾನೆ ಎಂಬುದನ್ನು ಕೇಳುವುದು ಒಂದು ವಿಧಾನ. ನರ ಏನು ಹೇಳುತ್ತದೆ ಎಂಬುದನ್ನೇ ನೇರವಾಗಿ ಕೇಳುವುದು ಇನ್ನೊಂದು. ನರತಂತುವಿನಲ್ಲಿ ಸಾಗುವ ವಿದ್ಯುತ್ ಮಿಡಿತವನ್ನು ಹೊರಗಿನಿಂದ ಅಳೆಯಹೋದರೆ ಸಿಗುವುದು ಕೆಲವು ಮೈಕ್ರೊವೋಲ್ಟ್ ಮಾತ್ರ. ಒಳಾಂಗಗಳಿಂದ ಬರುವ ತಂತುಗಳಲ್ಲಿ ಹೆಚ್ಚಿನವು ಬಹಳ ಸಪೂರ. ಅವುಗಳಲ್ಲಿ ಮಿಡಿತದ ವೇಗ ಸೆಕೆಂಡಿಗೆ ಒಂದೆರಡು ಮೀಟರು, ನಾವು ನಡೆಯುವಷ್ಟೇ. ಇಂಥ ತಂತುವೊಂದನ್ನು ಬಿಡಿಸಿ, ಅದರ ದನಿಯನ್ನು ವರ್ಧಿಸಿ ಕೇಳುವುದು ಅಂದಿನ ಉಪಕರಣಗಳಿಗೆ ದೊಡ್ಡ ಸವಾಲು.

ಈ ಕೆಲಸದಲ್ಲಿ ಮೊದಲ ಸಾಲಿನಲ್ಲಿ ನಿಂತವರು ಭಾರತದ ಔತಾರ್ ಸಿಂಗ್ ಪೇಂಟಾಲ್. ಬೆಕ್ಕಿನ ವೇಗಸ್ ನರದ ಒಂದೊಂದೇ ತಂತುವಿನಿಂದ ದಾಖಲೆ ಪಡೆದು, ಜಠರ ಹಿಗ್ಗಿದಾಗ ಮಿಡಿಯುವ ಗ್ರಾಹಕಗಳನ್ನು ಅವರು ಗುರುತಿಸಿದರು. ಹಸಿವು-ಬಾಯಾರಿಕೆ ತಣಿಯುವುದರಲ್ಲಿ ಅವುಗಳ ಪಾತ್ರವನ್ನು 1954ರ ಪ್ರಬಂಧದಲ್ಲಿ ಚರ್ಚಿಸಿದರು. ಮುಂದೆ ಶ್ವಾಸಕೋಶದ 'ಜೆ' ಗ್ರಾಹಕಗಳಿಗಾಗಿ ಪ್ರಸಿದ್ಧರಾದವರೂ, ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯನ್ನು ಮುನ್ನಡೆಸಿದವರೂ ಇವರೇ.

ಪೇಂಟಾಲ್ ಕೇಳಿದ್ದು ಹಿಗ್ಗುವಿಕೆಯ ದನಿಯನ್ನು. ಆಮ್ಲದ ದನಿಯನ್ನು ಕೇಳಿಸಿದವರು ಎಡಿನ್‌ಬರೊದ ಐನ್ಸ್‌ಲಿ ಇಗೋ. 1957ರಲ್ಲಿ ಅವರು ಬೆಕ್ಕಿನ ಜಠರದ ಲೋಳೆಪೊರೆಯಿಂದ ಬರುವ ವೇಗಸ್ ತಂತುಗಳನ್ನು ಪರೀಕ್ಷಿಸಿದರು. ಕೆಲವು ತಂತುಗಳು ಜಠರದೊಳಗಿನ ದ್ರವದ ಪಿಎಚ್ 3ಕ್ಕಿಂತ ಕೆಳಗಿಳಿದಾಗ ಮಿಡಿಯತೊಡಗಿದವು. ಜಠರಕ್ಕೆ ಆಮ್ಲವನ್ನು ಅರಿಯುವ ನರಗಳಿವೆ ಎಂಬುದಕ್ಕೆ ಇದು ನೇರ ಪ್ರಮಾಣ. ಆದರೆ ಪ್ರೋಟಾನಿನಂಥ ಅತಿ ಸಣ್ಣ ಕಣವನ್ನು ನರತುದಿ ಗುರುತಿಸುವುದು ಯಾವುದರಿಂದ? ಈ ಪ್ರಶ್ನೆಗೆ ಉತ್ತರ ಬಂದದ್ದು ಅನಿರೀಕ್ಷಿತವಾದ ದಿಕ್ಕಿನಿಂದ, ಮೆಣಸಿನಕಾಯಿಯಿಂದ.

ಮೆಣಸಿನಕಾಯಿಯ ದಾರಿ

ಹಾನಗಲ್ಲಿನಲ್ಲಿ ಕದಂಬರು ಆಳುತ್ತಿದ್ದ ಕಾಲಕ್ಕೆ ಈ ನಾಡಿನಲ್ಲಿ ಮೆಣಸಿನಕಾಯಿ ಇರಲಿಲ್ಲ. ಖಾರಕ್ಕೆ ಕರಿಮೆಣಸೇ ಆಧಾರ. ಅಮೆರಿಕ ಖಂಡದ ಈ ಬೆಳೆ ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಬ್ಯಾಡಗಿ ತಳಿ ಸುಕ್ಕುಗಟ್ಟಿದ ಸಿಪ್ಪೆಗೂ ಗಾಢ ಕೆಂಪು ಬಣ್ಣಕ್ಕೂ ಹೆಸರಾಗಿ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆಯಿತು. ಅದನ್ನು ಬಳಸುವವರಿಗೆಲ್ಲ ಗೊತ್ತಿರುವಂತೆ ಬಣ್ಣ ಹೆಚ್ಚು, ಖಾರ ಕಡಿಮೆ. ಇದರಲ್ಲಿ ಒಗಟೇನೂ ಇಲ್ಲ. ಬಣ್ಣ ಕೊಡುವುದು ಕ್ಯಾಪ್ಸಾಂಥಿನ್ ಮುಂತಾದ ವರ್ಣದ್ರವ್ಯಗಳು. ಖಾರ ಕೊಡುವುದು ಕ್ಯಾಪ್ಸೈಸಿನ್. ಅದು ಹುಟ್ಟುವುದು ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಎರಡೂ ಬೇರೆ ಬೇರೆ ಅಣುಗಳು. ಕೆಂಪು ಬಣ್ಣ ಖಾರದ ಅಳತೆಯಲ್ಲ.

ಕ್ಯಾಪ್ಸೈಸಿನ್ ಎಂಬ ಹೆಸರು ಕೊಟ್ಟವರು ಇಂಗ್ಲೆಂಡಿನ ಜಾನ್ ಥ್ರೆಶ್, 1876ರಲ್ಲಿ. ಎರಡೇ ವರ್ಷಗಳ ನಂತರ ಹಂಗೇರಿಯ ಎಂಡ್ರೆ ಹೋಗ್ಯೆಷ್ ಮೆಣಸಿನಕಾಯಿಯ ಸಾರ ಕೆಲಸ ಮಾಡುವುದು ಸಂವೇದನಾ ನರಗಳ ಮೇಲೆ ಎಂದು ತೋರಿಸಿದರು. ಅದೇ ದೇಶದ ಮಿಕ್ಲೋಷ್ ಯಾಂಚೊ 1940ರ ದಶಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಪ್ರಾಣಿಗಳಿಗೆ ಕ್ಯಾಪ್ಸೈಸಿನನ್ನು ಪದೇ ಪದೇ ಕೊಟ್ಟರೆ ಅವುಗಳ ಕೆಲವು ನರತುದಿಗಳು ದಣಿದು ಸುಮ್ಮನಾಗುತ್ತವೆ. ಆಮೇಲೆ ಖಾರವಷ್ಟೇ ಅಲ್ಲ, ಇತರ ರಾಸಾಯನಿಕ ಉರಿಯೂ ಅವಕ್ಕೆ ತಿಳಿಯುವುದಿಲ್ಲ. ಸ್ಪರ್ಶದ ಅರಿವು ಮಾತ್ರ ಹಾಗೆಯೇ ಇರುತ್ತದೆ. ನರಗಳ ಗುಂಪಿನಿಂದ 'ಉರಿ' ತಿಳಿಯುವ ತಂತುಗಳನ್ನಷ್ಟೇ ಬೇರ್ಪಡಿಸಿ ಮೌನಗೊಳಿಸುವ ಸಾಧನ ಹೀಗೆ ವಿಜ್ಞಾನಿಗಳ ಕೈಗೆ ಬಂದಿತು.

ಈ ಸಾಧನವನ್ನು ಜಠರಕ್ಕೆ ಬಳಸಿದಾಗ ತಿಳಿದದ್ದು ಎಲ್ಲರ ನಿರೀಕ್ಷೆಗೂ ವಿರುದ್ಧ. 1981ರಲ್ಲಿ ಹಂಗೇರಿಯ ಯಾನೋಷ್ ಸೊಲ್ಚಾನಿ ಮತ್ತು ಬಾರ್ಥೊ, ಈ ತಂತುಗಳು ಮೌನವಾದ ಇಲಿಗಳ ಜಠರದಲ್ಲಿ ಹುಣ್ಣು ಹೆಚ್ಚಾಗುತ್ತದೆ ಎಂದು ವರದಿ ಮಾಡಿದರು. ಉರಿ ತಿಳಿಸುವ ನರಗಳು ಬರಿಯ ದೂರುಗಾರರಲ್ಲ, ಕಾವಲುಗಾರರು ಕೂಡ! ಇದು ನಡೆಯುವ ಬಗೆಯನ್ನು ಆಸ್ಟ್ರಿಯದ ಪೀಟರ್ ಹೋಲ್ಟ್ಸರ್ ಮತ್ತು ಸಂಗಡಿಗರು 1991ರಲ್ಲಿ ಬಿಡಿಸಿ ತೋರಿಸಿದರು. ಇಲಿಯ ಜಠರದ ತಡೆಗೋಡೆಯನ್ನು ಮದ್ಯಸಾರದಿಂದ ಸಡಿಲಿಸಿ, ಆಮ್ಲ ಒಳಗಿಳಿಯುವಂತೆ ಮಾಡಿದೊಡನೆ ಲೋಳೆಪೊರೆಯಲ್ಲಿ ರಕ್ತಪ್ರವಾಹ ಏರಿತು. ಸಂವೇದನಾ ತಂತುಗಳನ್ನು ಮೊದಲೇ ಮೌನಗೊಳಿಸಿದ್ದ ಇಲಿಗಳಲ್ಲಿ ಈ ಏರಿಕೆ ಕಾಣಲಿಲ್ಲ.

ಅಂದರೆ ಈ ನರತುದಿಗೆ ಎರಡು ಕೆಲಸ. ಒಂದು, ಮೇಲಕ್ಕೆ ಸುದ್ದಿ ಕಳಿಸುವುದು. ಇನ್ನೊಂದು, ಮೇಲಿನ ಅಪ್ಪಣೆಗೆ ಕಾಯದೆ ಅಲ್ಲೇ ಕ್ರಮ ಕೈಗೊಳ್ಳುವುದು. ಆಮ್ಲ ತಾಗಿದ ತುದಿ ಸಿಜಿಆರ್‌ಪಿ ಎಂಬ ಪೆಪ್ಟೈಡನ್ನು ಬಿಡುಗಡೆ ಮಾಡುತ್ತದೆ. ಅದರಿಂದ ರಕ್ತನಾಳಗಳು ಹಿಗ್ಗುತ್ತವೆ. ಹೆಚ್ಚಿದ ರಕ್ತ ಒಳನುಗ್ಗಿದ ಪ್ರೋಟಾನುಗಳನ್ನು ತೊಳೆದೊಯ್ದು, ಬೈಕಾರ್ಬನೇಟನ್ನು ಒದಗಿಸುತ್ತದೆ. ಅದೇ ಪೆಪ್ಟೈಡು ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನನ್ನು ಹೊರಡಿಸಿ ಆಮ್ಲದ ಉತ್ಪಾದನೆಯನ್ನೂ ತಗ್ಗಿಸುತ್ತದೆ. ಭೌತವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಋಣ ಮರುಪೂರಣ ಎಂದು ಕೂಡಲೇ ಗುರುತಿಸುತ್ತಾರೆ.

ಖಾರದ ಶರೀರಕ್ರಿಯೆಯ ಅಧ್ಯಯನದಲ್ಲಿ ಕರ್ನಾಟಕದ ಪಾಲೂ ಇದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಕೆ. ಸಾಂಬಯ್ಯ, ಎಂ. ಎನ್. ಸತ್ಯನಾರಾಯಣ ಮೊದಲಾದವರು 1980ರ ಸುಮಾರಿಗೆ ಮೆಣಸಿನಕಾಯಿ ಮತ್ತು ಕ್ಯಾಪ್ಸೈಸಿನ್ ಇಲಿಗಳ ಕೊಬ್ಬು, ಕೊಲೆಸ್ಟರಾಲುಗಳ ಮೇಲೆ ಬೀರುವ ಪರಿಣಾಮವನ್ನು ಪರೀಕ್ಷಿಸಿದ್ದರು. ಸತ್ಯನಾರಾಯಣ ಅವರು 2006ರಲ್ಲಿ ಕ್ಯಾಪ್ಸೈಸಿನ್ ಮತ್ತು ಜಠರದ ಹುಣ್ಣು ಕುರಿತು ದೀರ್ಘ ವಿಮರ್ಶಾ ಪ್ರಬಂಧ ಪ್ರಕಟಿಸಿದರು. ಕ್ಯಾಪ್ಸೈಸಿನ್ ಆಮ್ಲವನ್ನು ಹೆಚ್ಚಿಸುವುದಿಲ್ಲ, ತಗ್ಗಿಸುತ್ತದೆ. ಲೋಳೆ, ಕ್ಷಾರ ಮತ್ತು ರಕ್ತಪ್ರವಾಹಗಳನ್ನು ಹೆಚ್ಚಿಸುತ್ತದೆ ಎಂಬುದು ಜಗತ್ತಿನ ನಾನಾ ಪ್ರಯೋಗಗಳನ್ನು ಒಟ್ಟುಗೂಡಿಸಿ ಅವರು ಕಂಡುಕೊಂಡ ಸಾರ.

ಒಂದೇ ಬಾಗಿಲು, ಮೂರು ಕೀಲಿ

ಈಗ ಅಣುಮಟ್ಟಕ್ಕೆ ಇಳಿಯೋಣ. 1980ರಲ್ಲಿ ಕೀವ್ ನಗರದ ಒಲೆಗ್ ಕ್ರಿಷ್ಟಾಲ್ ಮತ್ತು ಪಿಡೊಪ್ಲಿಚ್ಕೊ ಸಂವೇದನಾ ನರಕೋಶದ ಹೊರಗಿನ ದ್ರಾವಣವನ್ನು ತಟಕ್ಕನೆ ಆಮ್ಲೀಯಗೊಳಿಸಿದಾಗ ಕೋಶದೊಳಕ್ಕೆ ವಿದ್ಯುತ್ ಪ್ರವಾಹ ಹರಿಯುವುದನ್ನು ಅಳೆದರು. ಪ್ರೋಟಾನಿಗೂ ಒಂದು ಗ್ರಾಹಕವಿದೆ ಎಂದು ಅವರು ಸಾರಿದರು. ಫ್ರಾನ್ಸಿನ ಮಿಷೆಲ್ ಲಾಜ್ಡುನ್‌ಸ್ಕಿ ಅವರ ಪ್ರಯೋಗಾಲಯ 1997ರಲ್ಲಿ ಇಂಥ ಒಂದು ಅಯಾನು ಕಾಲುವೆಯ ಜೀನನ್ನು ಪ್ರತ್ಯೇಕಿಸಿತು. ಆಮ್ಲ ಸಂವೇದಿ ಅಯಾನು ಕಾಲುವೆಗಳು ಎಂದು ಈ ಕುಟುಂಬಕ್ಕೆ ಹೆಸರು. ಇವುಗಳಲ್ಲಿ ಕೆಲವು ಬಹಳ ಸೂಕ್ಷ್ಮ, ಪಿಎಚ್ 7.4ರಿಂದ 7ಕ್ಕೆ ಇಳಿದರೂ ತೆರೆದುಕೊಳ್ಳತೊಡಗುತ್ತವೆ.

ಅದೇ ವರ್ಷ ಅಕ್ಟೋಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಡೇವಿಡ್ ಜೂಲಿಯಸ್, ಮೈಕೆಲ್ ಕಟರೀನಾ ಮತ್ತು ಸಂಗಡಿಗರು ಕ್ಯಾಪ್ಸೈಸಿನ್ ಗ್ರಾಹಕವನ್ನು ಪ್ರಕಟಿಸಿದರು. ಸಂವೇದನಾ ನರಕೋಶಗಳ ಜೀನುಗಳನ್ನು ಗುಂಪು ಗುಂಪಾಗಿ ಬೇರೆ ಕೋಶಗಳಿಗೆ ಸೇರಿಸಿ, ಯಾವ ಕೋಶ ಕ್ಯಾಪ್ಸೈಸಿನಿಗೆ ಸ್ಪಂದಿಸುತ್ತದೆ ಎಂದು ಸೋಸುತ್ತ ಹೋಗಿ, ಕೊನೆಗೆ ಒಂದೇ ಜೀನನ್ನು ಹಿಡಿದರು. ಇಂದು ಅದಕ್ಕೆ ಟಿಆರ್‌ಪಿವಿ-1 ಎಂದು ಹೆಸರು. ಅದು ಕೋಶದ ಪೊರೆಯಲ್ಲಿ ಕುಳಿತ, ಅಯಾನುಗಳನ್ನು ಒಳಬಿಡುವ ಬಾಗಿಲು. ಅಚ್ಚರಿಯೆಂದರೆ 43 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖಕ್ಕೂ ಅದೇ ಬಾಗಿಲು ತೆರೆಯಿತು. 1998ರ ಪ್ರಬಂಧದಲ್ಲಿ ಅವರು ಆಮ್ಲಕ್ಕೂ ಅದು ಸ್ಪಂದಿಸುತ್ತದೆ ಎಂದು ವಿವರವಾಗಿ ತೋರಿಸಿದರು. ಶಾಖ, ಖಾರ, ಆಮ್ಲ - ನಮ್ಮ 'ಉರಿ' ಎಂಬ ಒಂದೇ ಪದಕ್ಕೆ ನರತುದಿಯಲ್ಲಿ ಒಂದೇ ಅಣು!

ಬಾಗಿಲು ತೆರೆಯುವುದು ಹೇಗೆ? ವಿಶ್ರಾಂತಿಯಲ್ಲಿರುವ ನರಕೋಶದ ಒಳಭಾಗ ಹೊರಭಾಗಕ್ಕಿಂತ ಸುಮಾರು 60-70 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಬಾಗಿಲು ತೆರೆದೊಡನೆ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗಿ ಈ ವಿಭವಾಂತರ ಕುಸಿಯುತ್ತದೆ, ಮಿಡಿತ ಹೊರಡುತ್ತದೆ. ಪ್ರೋಟಾನುಗಳು ಈ ಅಣುವಿನ ಹೊರಮುಖದ ಋಣ ಆವೇಶದ ತಾಣಗಳಿಗೆ ಅಂಟುತ್ತವೆ. ಕ್ಯಾಪ್ಸೈಸಿನ್ ಪೊರೆಯೊಳಕ್ಕೆ ಕರಗಿ ಒಳಗಿನ ತಾಣದಲ್ಲಿ ಕೂಡುತ್ತದೆ. ಒಂದೇ ಬಾಗಿಲಿಗೆ ಹೊರಗೊಂದು, ಒಳಗೊಂದು ಕೀಲಿಕಂಡಿ ಇದ್ದ ಹಾಗೆ. ಹಕ್ಕಿಗಳ ಟಿಆರ್‌ಪಿವಿ-1ರಲ್ಲಿ ಕ್ಯಾಪ್ಸೈಸಿನ್ನಿನ ಕಂಡಿ ಸರಿಯಾಗಿಲ್ಲ, ಶಾಖ ಮತ್ತು ಆಮ್ಲದವು ಇವೆ. ಹೊಲದಲ್ಲಿ ಗಿಳಿ ಹಸಿಮೆಣಸಿನಕಾಯಿಯನ್ನು ನಿಶ್ಚಿಂತೆಯಿಂದ ತಿನ್ನುವುದು ಇದರಿಂದಲೇ.

ಇನ್ನೂ ಸ್ವಾರಸ್ಯದ ವಿಷಯವೆಂದರೆ ಈ ಕೀಲಿಗಳು ಒಂದಕ್ಕೊಂದು ನೆರವಾಗುತ್ತವೆ. ಸುತ್ತಲಿನ ಪಿಎಚ್ 6ರ ಸುಮಾರಿಗೆ ಇಳಿದರೆ ಶಾಖದ ಹೊಸ್ತಿಲು 43 ಡಿಗ್ರಿಯಿಂದ ದೇಹದ ಸಹಜ ಉಷ್ಣತೆಗಿಂತಲೂ ಕೆಳಕ್ಕೆ ಬರುತ್ತದೆ. ಆಗ 37 ಡಿಗ್ರಿಯೇ 'ಬೆಂಕಿ'. ಊತವಿರುವ ಅಂಗಾಂಶದಲ್ಲಿ ಪಿಎಚ್ ಇಳಿದಿರುತ್ತದೆ; ಊತದ ಜೊತೆ ಬರುವ ಇತರ ರಾಸಾಯನಿಕಗಳೂ ಹೊಸ್ತಿಲನ್ನು ತಗ್ಗಿಸುತ್ತವೆ. ಹರ್ಟ್ಸ್ ಮತ್ತು ಪಾಮರ್ ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಾದದ್ದನ್ನೇ ಕಂಡಿದ್ದರು ಎಂಬುದು ಈಗ ಅರ್ಥವಾಗುತ್ತದೆ. ತಡೆಗೋಡೆ ಗಟ್ಟಿಯಿದ್ದಲ್ಲಿ ಪ್ರೋಟಾನು ಬಾಗಿಲನ್ನೇ ತಲುಪುವುದಿಲ್ಲ. ಗೋಡೆ ಬಿರುಕುಬಿಟ್ಟು ಹೊಸ್ತಿಲು ತಗ್ಗಿದಲ್ಲಿ ಅಷ್ಟೇ ಆಮ್ಲ ನೋವಾಗುತ್ತದೆ.

ಆದರೂ ಆಮ್ಲದ ಅರಿವೆಲ್ಲ ಈ ಒಂದೇ ಅಣುವಿನದಲ್ಲ. 1998ರಲ್ಲಿ ಹೋಲ್ಟ್ಸರ್ ತಂಡವೇ ತೋರಿಸಿದಂತೆ, ಇಲಿಯ ಜಠರದ ಆಮ್ಲದ ಸುದ್ದಿಯನ್ನು ಮಿದುಳಿನ ಕಾಂಡಕ್ಕೆ ಒಯ್ಯುವ ವೇಗಸ್ ತಂತುಗಳು ಕ್ಯಾಪ್ಸೈಸಿನಿಗೆ ಮಣಿಯದಂಥವು. ಅಲ್ಲಿ ಆಮ್ಲ ಸಂವೇದಿ ಕಾಲುವೆಗಳ ಪಾತ್ರವಿದೆ. 2013ರಲ್ಲಿ ಜೂಲಿಯಸ್ ಮತ್ತು ಯಿಫಾನ್ ಚೆಂಗ್ ತಂಡಗಳು ಅತಿಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಟಿಆರ್‌ಪಿವಿ-1ರ ರಚನೆಯನ್ನು 3.4 ಆಂಗ್‌ಸ್ಟ್ರಾಂ ಸ್ಪಷ್ಟತೆಯಲ್ಲಿ ಬಿಡಿಸಿದವು. ಸ್ಪರ್ಶದ ಗ್ರಾಹಕಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರ ಜೊತೆ ಜೂಲಿಯಸ್‌ಗೆ 2021ರ ನೊಬೆಲ್ ಪ್ರಶಸ್ತಿ ಬಂದಿತು.

ಖಾರ ಹುಣ್ಣು ಮಾಡುತ್ತದೆಯೆ?

ಈ ಪ್ರಶ್ನೆಯನ್ನು ನಿಮ್ಮ ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. 1984ರಲ್ಲಿ ದೆಹಲಿಯ ವೈದ್ಯರ ತಂಡವೊಂದು ಸಣ್ಣ ಕರುಳಿನ ಆರಂಭದಲ್ಲಿ ಹುಣ್ಣಿದ್ದ 50 ರೋಗಿಗಳನ್ನು ಎರಡು ಗುಂಪು ಮಾಡಿತು. ಎಲ್ಲರಿಗೂ ಆಮ್ಲಶಾಮಕ ಔಷಧ. ಒಂದು ಗುಂಪಿಗೆ ಮಾತ್ರ ಅದರ ಜೊತೆಗೆ ದಿನಕ್ಕೆ 3 ಗ್ರಾಂ ಕೆಂಪು ಮೆಣಸಿನಕಾಯಿ ಪುಡಿ. ನಾಲ್ಕು ವಾರಗಳ ನಂತರ ಎರಡೂ ಗುಂಪುಗಳಲ್ಲಿ ಹುಣ್ಣು ಮಾಯ್ದ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. 1988ರಲ್ಲಿ ಅಮೆರಿಕದ ಡೇವಿಡ್ ಗ್ರಹಾಂ ಮತ್ತು ಸಂಗಡಿಗರು ಖಾರದ ಊಟ ಮಾಡಿದ ಸ್ವಯಂಸೇವಕರ ಜಠರವನ್ನು ಎಂಡೊಸ್ಕೋಪಿನಿಂದ ನೋಡಿದರು. ಖಾರದಿಂದ ಗಾಯವಾಗಿರಲಿಲ್ಲ, ಹೋಲಿಕೆಗೆಂದು ಕೊಟ್ಟ ಆಸ್ಪಿರಿನ್ನಿಂದ ಆಗಿತ್ತು.

ಹುಣ್ಣಿನ ನಿಜವಾದ ಮುಖ್ಯ ಕಾರಣಗಳು ಎರಡು. ಒಂದು, ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಿಂದ ಬೆಳಕಿಗೆ ತಂದ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯ. ಇದಕ್ಕೆ 2005ರ ನೊಬೆಲ್ ಪ್ರಶಸ್ತಿ ಸಂದಿತು. ಎರಡು, ಆಸ್ಪಿರಿನ್ ಮತ್ತು ಅದರ ಬಳಗದ ನೋವುನಿವಾರಕ ಮಾತ್ರೆಗಳು. ಆಸ್ಪಿರಿನ್ ತಡೆಗೋಡೆಯನ್ನು ಒಡೆದು ಆಮ್ಲವನ್ನು ಒಳಕ್ಕೆ ಬಿಡುತ್ತದೆ ಎಂದು ಹೊರೇಸ್ ಡ್ಯಾವೆನ್‌ಪೋರ್ಟ್ 1964ರಲ್ಲಿಯೇ ತೋರಿಸಿದ್ದರು.

ಇಲ್ಲಿದೆ ಎಚ್ಚರಿಕೆಯ ಮಾತು. ನಾಟಿ, ಕಳೆ, ಕೊಯಿಲು ಎಂದು ದಿನವಿಡೀ ಬಗ್ಗಿ ದುಡಿದವರು ಸಂಜೆ ಬೆನ್ನುನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ. ಹೊಟ್ಟೆ ಉರಿದಾಗ ಅವರು ಚಟ್ನಿ ಬಿಡುತ್ತಾರೆ, ಮಾತ್ರೆ ಬಿಡುವುದಿಲ್ಲ. ಈ ಮಾತ್ರೆಗಳಿಂದಾಗುವ ಹುಣ್ಣು ಎಷ್ಟೋ ಸಲ ನೋವನ್ನೇ ಕೊಡುವುದಿಲ್ಲ. ಬೋಮಾಂಟ್ ಕಂಡ ನೋವಿಲ್ಲದ ಕೆಂಪಿನಂತೆ ಅದು ಸದ್ದಿಲ್ಲದೆ ಬೆಳೆದು, ಮೊದಲ ಸೂಚನೆಯೇ ರಕ್ತಸ್ರಾವವಾಗಬಹುದು. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥದು ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಉರಿ ಇರಲಿ ಇಲ್ಲದಿರಲಿ, ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಇನ್ನೊಂದು ತುದಿಯಲ್ಲಿ, ಎಂಡೊಸ್ಕೋಪಿನಲ್ಲಿ ಯಾವ ಗಾಯವೂ ಕಾಣದೆ ನಿತ್ಯ ಉರಿಯಿಂದ ನರಳುವವರೂ ಇದ್ದಾರೆ. ಅವರದು ಸೋಗಲ್ಲ, ಹಲವರಲ್ಲಿ ನರತುದಿಯ ಹೊಸ್ತಿಲು ತಗ್ಗಿರುತ್ತದೆ. ಅಂಥವರಿಗೆ ಖಾರ ನಿಜವಾಗಿಯೂ ನೋವು ತರುತ್ತದೆ. ಅವರು ಅದನ್ನು ಕಡಿಮೆ ಮಾಡುವುದೇ ಸರಿ. ಖಾರ ಹುಣ್ಣು ಮಾಡುವುದಿಲ್ಲ ಎಂದರೆ ಎಲ್ಲರೂ ಹೆಚ್ಚು ಖಾರ ತಿನ್ನಿ ಎಂದು ಅರ್ಥವಲ್ಲ.

ವಿಜ್ಞಾನ ಶಿಕ್ಷಕರು ಪಿಎಚ್ ಪಾಠ ಮಾಡುವಾಗ ಎಂಟು ಲಕ್ಷ ಪಟ್ಟಿನ ಲೆಕ್ಕವನ್ನೂ, ನರದ ಪಾಠ ಮಾಡುವಾಗ ಮೂರು ಕೀಲಿಗಳ ಬಾಗಿಲನ್ನೂ ವಿದ್ಯಾರ್ಥಿಗಳ ಮುಂದಿಡಬಹುದು. ಬ್ಯಾಡಗಿ ಮೆಣಸಿನಕಾಯಿಯನ್ನು ಕಂಡು ಬೆಳೆದ ಮಕ್ಕಳಿಗೆ ಬಣ್ಣ ಖಾರದ ಅಳತೆಯಲ್ಲ ಎಂದು ಹೇಳಿಕೊಡಬೇಕಾಗಿಲ್ಲ. ಉರಿಯೂ ಗಾಯದ ಅಳತೆಯಲ್ಲ ಎಂಬುದನ್ನು ಮಾತ್ರ ಹೇಳಿಕೊಡಬೇಕು. ಅವರು ಅದನ್ನು ಮನೆಗೆ ಒಯ್ದು, ಮಾಡದ ಮೇಲಿರುವ ಮಾತ್ರೆಯ ಚೀಟಿಯ ಬಗ್ಗೆ ಒಂದು ಪ್ರಶ್ನೆ ಕೇಳಿದರೂ ಪಾಠ ಸಾರ್ಥಕ.